ಆಡಿಟೋರಿಯಂ ರಾತ್ರಿಯ ‘ಲೇಟ್ ಪೀಚಸ್’

ಮೇಕನ್, ಜಾರ್ಜಿಯಾ
೮ ಅಕ್ಟೋಬರ್ ೨೦೦೯, ಗುರುವಾರ

ನನ್ನ ಮುದ್ದು ರೆನೇ,

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆಯಲು ಕೂತಳು ಅಂತ ನೀನು ಹುಬ್ಬು ಗಂಟಿಕ್ಕುತ್ತೀಯ, ಗೊತ್ತು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ನಡುವೆ ಬಾಯಿ ಹಾಕುವ ಚಾಳಿ ನಿನಗೆ ನನ್ನಿಂದಲೇ ಬಂದದ್ದು, ಬೈಯುವಂತೆಯೂ ಇಲ್ಲ. ಇವತ್ತು ಹೇಳಬೇಕಾದ್ದನ್ನು ಒಂದೇ ಸಲಕ್ಕೆ ಹೇಳದಿದ್ದರೆ ನಾನು ಮತ್ತೆ ಹಿಂದೇಟು ಹಾಕುತ್ತೇನೆ. ಒಲೆಯ ಮೇಲೆ ಅಲಸಂದೆ ಬೇಯುತ್ತಿದೆ. ನಿಮ್ಮಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ. ಬಾಗಿಲು ತೆರೆದೇ ಇಟ್ಟಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಎಲ್ಲರೂ ಹುಡುಕುತ್ತಿದ್ದ ನಿಮ್ಮಪ್ಪನ ಆ ಹಾಡಿನ ಕ್ಯಾಸೆಟ್ ಕಳೆದುಹೋಗಿಲ್ಲ. ನಾನೇ ಬಚ್ಚಿಟ್ಟಿದ್ದೆ.

ಜೂನ್‌ನಲ್ಲಿ ನಿಮ್ಮಪ್ಪನಿಗೆ ಲಕ್ವ ಹೊಡೆದು ಮಾತು ನಿಂತಾಗ, ಮಾತು ಕಲಿಸಲು ಬರುವ ಮಿಸ್ ತಬಿತಾ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನೆನಪಿದೆಯಲ್ಲ? ಮಾತು ಕಟ್ಟಿಹೋದ ಎಷ್ಟೋ ಜನರಿಗೆ ಹಾಡು ಕಟ್ಟಿರುವುದಿಲ್ಲ, ಅವರಿಗೆ ಪ್ರಾಣವಾದ ಹಾಡನ್ನು ದಿನಾ ಕೇಳಿಸಿ, ಮೊದಲ ಕೆಲವು ತಿಂಗಳು ಬಹಳ ಮುಖ್ಯ ಅಂದಳು. ನೀನು ಚಾಟನೂಗಾಕ್ಕೆ ಹೊರಡುವಾಗ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಅಮ್ಮ, ಮರೀದೆ ಹಾಕ್ತೀಯ ತಾನೇ?’ ಅಂದೆ. ಹಾಕುತ್ತೇನೆ ಅಂದೆ ನಾನು. ಹಾಕಿದೆ ಕೂಡ. ಯಾವುದನ್ನು ಹಾಕಬೇಕಿತ್ತೋ ಅದನ್ನು ಬಿಟ್ಟು ಮಿಕ್ಕದ್ದೆಲ್ಲ ಹಾಕಿದೆ.

ಜುಲೈಯಲ್ಲಿ ಅವರ ಪೈನ್ ಲೆವೆಲ್ ಬ್ಯಾಂಡಿನ ಹಳೇ ಅಭಿಮಾನಿಗಳ ದಂಡು ನೋಡಲು ಬಂತು. ಎಲ್ಲರದೂ ಬಿಳಿ ಗಡ್ಡ, ಹೊಟ್ಟೆಯ ಮೇಲೆ ಬಿರಿಯುವ, ಬ್ಯಾಂಡಿನ ಹೆಸರಿನ ಹಳೇ ಟೀ ಶರ್ಟು. ಬ್ಯಾಂಡು ಮುಚ್ಚಿ ಅಷ್ಟು ವರ್ಷವಾದರೂ ಇವರ ಹುಚ್ಚು ಮುಚ್ಚಿಲ್ಲ. ಯಾವ ಹಾಡು ಹಾಕಬೇಕು ಅಂತ ಮಂಚದ ಸುತ್ತ ನಿಂತು ಜಗಳಕ್ಕೇ ಬಿದ್ದರು. ಒಬ್ಬ ನಿಧಾನದ ಅಳುವ ಹಾಡು ಅಂದರೆ, ಇನ್ನೊಬ್ಬ ‘ಅವನು ಮಲಗಿರೋದೇ ಸಾಲದಾ, ಜೋಗುಳ ಬೇರೆ ಹಾಡ್ತೀಯಾ?’ ಅಂತ ಅವನ ಮೇಲೆ ಹರಿಹಾಯ್ದ. ಕಡೆಗೆ ನಿನ್ನ ರೇಫರ್ಡ್ ಮಾಮ ‘ಲೇಟ್ ಪೀಚಸ್’ ಅಂದಾಗ ಎಲ್ಲರೂ ತೆಪ್ಪಗಾದರು. ಕೊನೇ ಕೊಯ್ಲಿನ ಹಣ್ಣಿನ ಮೇಲಿನ ಆ ಹಾಡೇ ನಿಮ್ಮಪ್ಪನದು ಅನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ.

ನಾನು ಓಡಿ ಹೋಗಿ ಆ ಹಾಡಿನ ರೆಕಾರ್ಡು ಹಾಕಿದೆ. ರೇಫರ್ಡ್ ತಲೆ ಚಚ್ಚಿಕೊಂಡ. ‘ಅಯ್ಯೋ ಅತ್ತಿಗೆ, ಇದು ಅಂಗಡೀದು. ಐದು ನಿಮಿಷಕ್ಕೆ ಮುಗಿದುಹೋಗುತ್ತೆ. ಮಜ್ಜಿಗೆ ಹಾಕದೆ ಬಿಸ್ಕತ್ತು ಸುಟ್ಟ ಹಾಗಿದೆ. ಡೆವಿಟ್‌ಗೆ ಬೇಕಾಗಿರೋದು ಆಡಿಟೋರಿಯಂ ರಾತ್ರೀದು.’

ಇವರ ಲೆಕ್ಕ ನಿನಗೂ ಗೊತ್ತು. ಹಾಡು ಒಂದೇ ಆದರೂ ಬ್ಯಾಂಡಿನವರು ಒಂದೊಂದು ರಾತ್ರಿ ಒಂದೊಂದು ಥರ ಬಾರಿಸುತ್ತಿದ್ದರಂತೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಒಬ್ಬೊಬ್ಬ ಅಭಿಮಾನಿಗೂ ಒಂದೊಂದು ರಾತ್ರಿ. ನನಗೆ ಎಲ್ಲವೂ ಒಂದೇ ಥರ ಕೇಳುತ್ತಿದ್ದವು. ಹಾಡು ಶುರುವಾದಾಗ ಕಾಳು ನೆನೆಹಾಕಿದರೆ ಮುಗಿಯುವಷ್ಟರಲ್ಲಿ ಬೇಯಿಸಿ ಬಡಿಸಬಹುದು ಅಂತ ನಾನೇ ಆಡಿಕೊಂಡು ನಕ್ಕವಳು. ಎಪ್ಪತ್ತನಾಲ್ಕರಲ್ಲಿ ಇಲ್ಲಿಯ ಆಡಿಟೋರಿಯಂನಲ್ಲಿ ಬಾರಿಸಿದ್ದನ್ನು ರೇಫರ್ಡ್ ಪೊರಕೆ ಕೋಲಿಗೆ ಮೈಕು ಕಟ್ಟಿ ಕ್ಯಾಸೆಟ್‌ಗೆ ಹಿಡಿದುಕೊಂಡಿದ್ದ. ತೊಂಬತ್ತನಾಲ್ಕರ ನೆರೆಯಲ್ಲಿ ಅವನ ಮನೆಯ ಕ್ಯಾಸೆಟ್‌ಗಳೆಲ್ಲ ಕೆಸರಾದ ಮೇಲೆ ಉಳಿದದ್ದು ನಿಮ್ಮಪ್ಪನ ಹತ್ತಿರ ಇದ್ದ ಒಂದೇ ಪ್ರತಿ. ಅದು ಅವರ ಪಿಕಪ್ಪಿನಲ್ಲೇ ಇರುತ್ತಿತ್ತು.

ಲಕ್ವ ಹೊಡೆದ ಮಾರನೇ ದಿನ ಅವರು ಕೆಲಸ ಮಾಡುತ್ತಿದ್ದ ಬಿಳಿಮಣ್ಣಿನ ಗಣಿಯ ಗೇಟಿನಿಂದ ಪಿಕಪ್ ಮನೆಗೆ ತಂದವಳು ನಾನು. ಕ್ಯಾಸೆಟ್ ತೆಗೆದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಹಾಕಿದೆ. ರೇಫರ್ಡ್ ಕೇಳಿದಾಗ ನನ್ನ ಬಾಯಿ ತಾನಾಗಿ ಆಡಿಬಿಟ್ಟಿತು. ಮೇ ತಿಂಗಳಲ್ಲಿ ಫ್ರಿಜ್ ಸಾಗಿಸಲು ಪಿಕಪ್ ಒಯ್ದವನು ನೀನಲ್ಲವೇ, ಆಮೇಲೆ ನಾನು ಅದನ್ನು ನೋಡಿಲ್ಲ ಅಂದೆ. ಪಾಪ, ಅವನಿಗೆ ಹಾಕಿಕೊಂಡ ಕನ್ನಡಕವನ್ನೇ ಹುಡುಕುವಷ್ಟು ಮರೆವು. ಹೌದೇನೋ ಅಂದುಕೊಂಡ. ಮಂಚದ ಮೇಲಿದ್ದ ಗೆಳೆಯನ ಕಡೆ ತಿರುಗಿ ‘ನಾನೇ ಕಳೆದೆ ಕಣೋ’ ಅಂದ. ನಾನು ಅಲ್ಲೇ ಹೊದಿಕೆ ಮಡಿಸುತ್ತ ನಿಂತಿದ್ದೆ.

ಯಾಕೆ ಹಾಗೆ ಮಾಡಿದೆ ಅಂತ ಕೇಳುತ್ತೀಯ. ಇಷ್ಟು ವರ್ಷ ನಿನಗೆ ಹೇಳದ ವಿಷಯ ಇದೇ. ನಿಮ್ಮಪ್ಪ ಮೊದಲು ಇಷ್ಟಪಟ್ಟದ್ದು ನನ್ನನ್ನಲ್ಲ, ನಿನ್ನ ದೊಡ್ಡಮ್ಮ ಕ್ಲಾಡೀನಳನ್ನು. ಎರಡು ವರ್ಷ ಇಬ್ಬರೂ ಆ ಬ್ಯಾಂಡಿನ ಬೆನ್ನು ಹತ್ತಿ ಊರೂರು ತಿರುಗಿದರು. ಆಡಿಟೋರಿಯಂ ರಾತ್ರಿ ಅವಳು ಹೋಗಿದ್ದಳು, ನಾನು ಹೋಗಿರಲಿಲ್ಲ. ನನಗೆ ಹತ್ತೊಂಬತ್ತು, ಬಸ್ ನಿಲ್ದಾಣದ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಆ ಚಳಿಗಾಲದಲ್ಲಿ ಅಕ್ಕ ಬ್ಯಾಂಡಿನ ವೇದಿಕೆಗೆ ದೀಪ ಹಾಕುವವನೊಬ್ಬನ ಜೊತೆ ಒರೆಗಾನ್‌ಗೆ ಹೋಗಿಬಿಟ್ಟಳು, ಒಂದು ಮಾತೂ ಹೇಳದೆ. ನಿಮ್ಮಪ್ಪ ಅವಳ ಸುದ್ದಿ ಕೇಳಲು ನಮ್ಮ ಮನೆಗೆ ಬಂದರು. ಬಂದವರಿಗೆ ನಾನು ಊಟ ಹಾಕಿದೆ. ಮತ್ತೆ ಬಂದರು, ಮತ್ತೆ ಹಾಕಿದೆ. ಅಕ್ಕನಿಗೆ ಚಿಕ್ಕದಾದ ಅಂಗಿಗಳನ್ನೇ ತೊಟ್ಟು ಬೆಳೆದವಳು ನಾನು, ಇದೂ ಹಾಗೇ ಅಂತ ಆಗ ಅನಿಸಲಿಲ್ಲ. ಆಮೇಲೆ ಅನಿಸಿತು.

ನಿಮ್ಮಪ್ಪ ಒಂದು ದಿನಕ್ಕೂ ಅವಳ ಹೆಸರೆತ್ತಿ ನನ್ನನ್ನು ನೋಯಿಸಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಆ ಕ್ಯಾಸೆಟ್‌ನಲ್ಲಿ ಅವಳಿದ್ದಾಳೆ. ಹಾಡಿಗೆ ಮುಂಚೆ ತಂತಿ ಬಿಗಿಮಾಡುವ ಸದ್ದಿನ ನಡುವೆ, ಮೈಕಿನ ಪಕ್ಕದಲ್ಲೇ ಒಂದು ಹುಡುಗಿ ‘ಡೆವಿಟ್, ನಿನ್ನ ಹಾಡು ಬಂತು ಕಣೋ!’ ಅಂತ ಕೂಗಿ ನಗುತ್ತಾಳೆ. ಮೈಕಿನ ಹತ್ತಿರ ಉಸಿರೂ ಬಿಡಬಾರದು ಅನ್ನುವುದು ಇವರ ನೇಮ. ರೇಫರ್ಡ್‌ಗೆ ಅವಳ ಮೇಲಿನ ಆ ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮಪ್ಪ ಮಾತ್ರ ಕೆಲಸದಿಂದ ಬಂದು ಅಂಗಳದಲ್ಲಿ ಪಿಕಪ್ ನಿಲ್ಲಿಸಿ, ಕ್ಯಾಸೆಟ್ ಹಿಂದಕ್ಕೆ ಸುತ್ತಿ ಆ ನಗುವಿಗೆ ತಂದು ನಿಲ್ಲಿಸಿ ಆಮೇಲೆ ಇಳಿಯುತ್ತಿದ್ದರು. ಅಡುಗೆಮನೆ ಕಿಟಕಿಯಿಂದ ನನಗೆ ಕೇಳಿಸುತ್ತಿತ್ತು. ಒಳಗೆ ಬಂದು ‘ಏನಡುಗೆ ವರ್ನೆಲ್, ಘಮ ಅಂತಿದೆ’ ಅನ್ನುತ್ತಿದ್ದರು. ನಾನು ಬಡಿಸುತ್ತಿದ್ದೆ.

ಈಗ ಹೇಳು. ಮೂವತ್ತಮೂರು ವರ್ಷ ಸಂಸಾರ ಮಾಡಿದ ಗಂಡ, ನುಡಿಯಿಲ್ಲದೆ ಮಲಗಿದವರು, ಆ ಧ್ವನಿ ಕೇಳಿ ಮೊದಲ ಬಾರಿಗೆ ಬಾಯಿ ತೆರೆದು ಅಕ್ಕನ ಹೆಸರು ಹಿಡಿದು ಕರೆದರೆ? ಅವರ ಬಾಯಿ ಒರೆಸುತ್ತ, ಮಗ್ಗುಲು ಬದಲಾಯಿಸುತ್ತ ಕೂತಿರುವವಳು ನಾನು. ಆ ಭಯಕ್ಕೆ ಅವರ ಮಾತನ್ನೇ ನಾಲ್ಕು ತಿಂಗಳು ಡ್ರಾಯರಿನಲ್ಲಿ ಹಾಕಿಟ್ಟೆ. ಮಿಸ್ ತಬಿತಾ ವಾರ ವಾರವೂ ಬಂದು ‘ಏನೂ ಬದಲಾವಣೆ ಕಾಣ್ತಿಲ್ಲವಲ್ಲ ಆಂಟಿ’ ಅಂತ ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದಳು. ನೀನು ಫೋನ್ ಮಾಡಿದಾಗಲೆಲ್ಲ ಹಾಡು ಹಾಕುತ್ತಿದ್ದೇನೆ ಅನ್ನುತ್ತಿದ್ದೆ. ರಿಸೀವರ್ ಇಟ್ಟ ಮೇಲೆ ನನಗೆ ನನ್ನ ಮೇಲೇ ಹೇಸಿಗೆ ಆಗುತ್ತಿತ್ತು. ಆದರೂ ಡ್ರಾಯರಿಗೆ ಕೈ ಹೋಗಲಿಲ್ಲ. ಪಾಪಿ ನಾನು, ಬೇರೆ ಮಾತಿಲ್ಲ.

ರೇಫರ್ಡ್ ಬರುವುದನ್ನೇ ಬಿಟ್ಟಿದ್ದ. ಗೆಳೆಯನ ಮುಖ ನೋಡಲು ನಾಚಿಕೆಯಂತೆ. ಮನೆಯ ಅಟ್ಟ, ಗ್ಯಾರೇಜು ಎಲ್ಲ ಹೊರಗೆ ಸುರಿದು ಹುಡುಕಿದನಂತೆ, ಗೊತ್ತಿದ್ದ ಅಭಿಮಾನಿಗಳಿಗೆಲ್ಲ ಬರೆದನಂತೆ. ಹೋದ ಭಾನುವಾರ ಚರ್ಚು ಮುಗಿಸಿ ಬಂದರೆ ವರಾಂಡದ ಮೆಟ್ಟಿಲ ಮೇಲೆ ಕೂತಿದ್ದ. ಅಲಬಾಮಾದ ಯಾರೋ ಒಬ್ಬ ಬೇರೊಂದು ರಾತ್ರಿಯ ಪ್ರತಿ ಕೊಟ್ಟನಂತೆ, ಹೋಗಿ ತಂದಿದ್ದ. ‘ಅದು ಅಲ್ಲ ಅತ್ತಿಗೆ, ಅದರ ತಮ್ಮ ಅಂದ್ಕೊಳ್ಳಿ. ಡೆವಿಟ್‌ಗೆ ಗೊತ್ತಾಗುತ್ತೆ, ಬೈತಾನೆ. ಬೈಲಿ ಬಿಡಿ, ಬೈಯೋಕಾದ್ರೂ ಬಾಯಿ ಬರಲಿ’ ಅಂದ. ಅಂದು, ಅಷ್ಟು ದೊಡ್ಡ ಗಂಡಸು, ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಗಲೂ ಹೇಳಲಿಲ್ಲ. ಒಳಗೆ ಕರೆದು ಕಡುಬು ಕೊಟ್ಟೆ.

ಮಂಗಳವಾರ ಮಧ್ಯಾಹ್ನ ನನ್ನಿಂದ ಆಗಲಿಲ್ಲ. ಡ್ರಾಯರ್ ಎಳೆದು ಕ್ಯಾಸೆಟ್ ತೆಗೆದು ಹಾಕಿದೆ. ತಂತಿಯ ಸದ್ದು, ಜನರ ಗದ್ದಲ, ಆಮೇಲೆ ಅಕ್ಕನ ಕೂಗು, ನಗು. ನಿಮ್ಮಪ್ಪ ಆ ಸದ್ದಿನ ಕಡೆ ಮುಖ ತಿರುಗಿಸಿದರು. ಅವರ ಮುಖ ನೋಡಲು ಧೈರ್ಯ ಸಾಲದೆ ನಾನು ಕಿಟಕಿ ನೋಡುತ್ತ ಕೂತೆ. ಹಾಡು ಸಾಗಿತು. ಪಾತ್ರೆ ತೊಳೆಯಲು ಎದ್ದು ಹೋಗದೆ ಮೊದಲ ಬಾರಿಗೆ ಪೂರ್ತಿ ಕೇಳಿದೆ ರೆನೇ. ಎರಡು ಗಿಟಾರುಗಳು ಅಣ್ಣತಮ್ಮಂದಿರ ಹಾಗೆ ಒಂದರ ಮಾತು ಒಂದು ಎತ್ತಿಕೊಂಡು ಹೋಗುತ್ತವೆ, ಎಲ್ಲೋ ದಾರಿ ತಪ್ಪಿದವು ಅನ್ನುವಷ್ಟರಲ್ಲಿ ಎರಡೂ ಒಟ್ಟಿಗೆ ಮನೆಗೆ ಬರುತ್ತವೆ. ಚೆನ್ನಾಗಿದೆ. ಇಷ್ಟು ವರ್ಷ ಹಟಕ್ಕೆ ಕೇಳದೆ ಇದ್ದೆ. ನಡುವೆ ಬರೀ ಡ್ರಮ್ಮು ಉಳಿದಾಗ ಟಕ್ ಟಕ್ ಅಂತ ಬೇರೆ ಸದ್ದು ಬಂತು. ತಿರುಗಿ ನೋಡಿದರೆ ನಿಮ್ಮಪ್ಪ ಸರಿ ಇರುವ ಕೈಯಿಂದ ಮಂಚದ ಕಂಬಿ ಬಡಿಯುತ್ತಿದ್ದರು. ತಾಳ ಒಂದು ಚೂರೂ ತಪ್ಪಲಿಲ್ಲ. ಕಣ್ಣಲ್ಲಿ ನೀರಿತ್ತು. ಹಾಡು ಮುಗಿದ ಮೇಲೆ ಬಾಯಿಂದ ಏನೋ ಸದ್ದು ಬಂತು. ಸ್ಪಷ್ಟ ಇರಲಿಲ್ಲ, ಹೆಸರೂ ಅಲ್ಲ ಏನೂ ಅಲ್ಲ. ಆದರೂ ಸದ್ದು ಬಂತು. ನಾನು ಹೆದರಿದ್ದೆಲ್ಲ ಸುಳ್ಳಾಯಿತು, ನಿನಗೂ ಆ ಚಿಂತೆ ಬೇಡ.

ಅವತ್ತು ಸಂಜೆಯೇ ಪಕ್ಕದ ಮನೆಯವಳನ್ನು ಕೂರಿಸಿ ರೇಫರ್ಡ್ ಮನೆಗೆ ಹೋದೆ. ಎಲ್ಲ ಹೇಳಿದೆ. ಅವನ ಹೆಂಡತಿ ಓಪಲ್ ಎದ್ದು ಒಳಗೆ ಹೋದಳು, ಒಂದು ಲೋಟ ತಣ್ಣನೆಯ ಚಹಾ ಕೂಡ ಕೊಡಲಿಲ್ಲ. ಈ ಊರಿನಲ್ಲಿ ಸಾಲ ಕೇಳಲು ಬಂದವನಿಗೂ ಅದನ್ನು ಕೊಡುತ್ತಾರೆ. ರೇಫರ್ಡ್ ತನ್ನ ಅಂಗೈ ನೋಡಿಕೊಂಡು, ‘ನನ್ನ ತಲೆ ಕೆಟ್ಟಿದೆ ಅಂತ ಡಾಕ್ಟರ ಹತ್ರ ಹೋಗಿ ಬಂದೆ ಅತ್ತಿಗೆ’ ಅಂದ. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಡುವಾಗ ಬಾಗಿಲ ತನಕ ಬಂದು, ‘ಮುಂದಿನ ವಾರ, ಶನಿವಾರ ಬರ್ತೀನಿ. ಡೆವಿಟ್‌ಗೋಸ್ಕರ. ನಿಮಗೋಸ್ಕರ ಅಲ್ಲ’ ಅಂದ. ನ್ಯಾಯವೇ.

ಆ ಶನಿವಾರ, ಹದಿನೇಳನೇ ತಾರೀಕು, ನೀನೂ ಬರುತ್ತೀಯ. ಕೂಗಾಡಬೇಕಿದ್ದರೆ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕೂಗಾಡು, ಅವರ ಎದುರು ಬೇಡ. ಮೊದಲ ತಿಂಗಳುಗಳು ಮತ್ತೆ ಬರುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೆ ಕ್ಷಮೆ ಕೇಳಬೇಕಾದದ್ದು ಅವರನ್ನು, ದಿನಾ ಕೇಳುತ್ತಿದ್ದೇನೆ. ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲ. ಅಲಸಂದೆ ತಳ ಹಿಡಿಯುವ ವಾಸನೆ ಬರುತ್ತಿದೆ, ಏಳುತ್ತೇನೆ. ದಾರಿಯಲ್ಲಿ ಹುಷಾರು. ಬರುವಾಗ ದಪ್ಪ ಸ್ವೆಟರ್ ತಾ, ಬೆಳಗ್ಗೆ ಚಳಿ ಶುರುವಾಗಿದೆ.

ನಿನ್ನ ಮೇಲೆ ಜೀವ ಇಟ್ಟಿರುವ, ನಿನ್ನಿಂದ ಬೈಸಿಕೊಳ್ಳಲು ಕಾದಿರುವ
ಅಮ್ಮ,
ವರ್ನೆಲ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಸುಳ್ಳು ಬರೆದೆ. ಸದ್ದು ಸ್ಪಷ್ಟವಾಗಿಯೇ ಇತ್ತು. ಹಾಡು ಮುಗಿದು ಜನ ಚಪ್ಪಾಳೆ ಹೊಡೆಯುವಾಗ ನಿಮ್ಮಪ್ಪ ನನ್ನ ಕೈ ಹಿಡಿದು ‘ಕ್ಲಾಡೀನ್’ ಅಂದರು. ‘ಇಲ್ಲೇ ಇದ್ದೀನಿ’ ಅಂದೆ. ಆಮೇಲಿಂದ ಬಾಯಾರಿದರೂ ಅದೇ, ಮಗ್ಗುಲು ಬದಲಾಯಿಸಬೇಕಾದರೂ ಅದೇ, ಕರೆದಾಗಲೆಲ್ಲ ನಾನು ಓ ಅನ್ನುತ್ತೇನೆ. ನಿನ್ನೆ ಬಂದ ಮಿಸ್ ತಬಿತಾ ಕುಣಿದಾಡಿಬಿಟ್ಟಳು. ಕ್ಲಾಡೀನ್ ಯಾರು ಅಂತ ಕೇಳಿದಳು, ನಾನೇ ಅಂದೆ. ಅವಳು ಈಗ ನನ್ನನ್ನು ಹಾಗೇ ಕರೆಯುತ್ತಾಳೆ. ನೀನು ಬಂದಾಗ ತಿದ್ದಬೇಡ.