ಮೆಸೆರೆತ್‌ಗೆ ಉಡಿ ತುಂಬಿದ್ದು

ಚಂದಾಪುರ
18-8-2025, ಶ್ರಾವಣದ ಕಡೆಯ ಸೋಮವಾರ

ಮಗಳೇ ಶಿವಗಂಗಾ,

ಕೊಟ್ಟೂರಯ್ಯನ ನೆರಳು ನಿನ್ನ ಮೇಲೆ, ಕೂಸಿನ ಮೇಲೆ, ಅಳಿಯಂದಿರ ಮೇಲೆ ಇರಲಿ. ನಾನು ಆರಾಮ ಇದ್ದೇನೆ. ಮಳೆಗೆ ಮೊಣಕಾಲು ನೋವು ಸ್ವಲ್ಪ ಹೆಚ್ಚಾಗಿದೆ, ಅಷ್ಟೆ. ಕೂಸಿಗೆ ಹೊಟ್ಟೆ ಉಬ್ಬರ ಎಂದಿದ್ದೆಯಲ್ಲ, ಓಮಿನ ನೀರು ನೀನು ಕುಡಿ, ಹಾಲಿನಲ್ಲಿ ಅದಕ್ಕೂ ಇಳಿಯುತ್ತದೆ.

ತೊಟ್ಟಿಲ ಶಾಸ್ತ್ರಕ್ಕೆ ಬರುತ್ತೀಯೋ ಇಲ್ಲವೋ ಎಂದು ನೀನು ಮೇಲಿಂದ ಮೇಲೆ ಫೋನು ಮಾಡಿದೆ. ನಾನು ಪ್ರತಿ ಸಲವೂ ರಜೆಯ ನೆವ ಹೇಳಿದೆ. ರಜೆ ಕೇಳಿದರೆ ಕೊಡುತ್ತಾರೆ, ನಾನೇ ಕೇಳಿಲ್ಲ. ಇಷ್ಟು ದಿನ ಸರಿಯಾದ ಉತ್ತರ ಕೊಡದೆ ನಿನ್ನನ್ನು ಕಾಯಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸ್ಪೀಕರ್ ಇಟ್ಟಿರುತ್ತೀ, ಪಕ್ಕದಲ್ಲಿ ನಿನ್ನ ಅತ್ತೆಯವರು ಇರುತ್ತಾರೆ. ಅದಕ್ಕೇ ಈ ಕಾಗದ. ಹಳ್ಳಿಯ ಸಾಲಿಯಲ್ಲಿ ಕಲಿತ ಅಕ್ಷರ, ನಿಧಾನ ಓದು. ಒಬ್ಬಳೇ ಇದ್ದಾಗ ಓದು.

ನಮ್ಮ ವಠಾರದ ಮೆಸೆರೆತ್ ಅವಳ ದೇಶಕ್ಕೆ ಹೋಗಿಬಿಟ್ಟಳು. ಅವಳನ್ನು ನೀನು ವಿಡಿಯೋ ಕಾಲಿನಲ್ಲಿ ಒಂದು ಸಲ ನೋಡಿದ್ದೆ, ‘ಯಾರವ್ವಾ ಆ ಹುಡುಗಿ, ನಿನ್ನ ಹಾಸಿಗೆ ಮ್ಯಾಲೆ ಕುಂತಾಳಲ್ಲ’ ಎಂದು ಕೇಳಿದ್ದೆ. ಆವತ್ತು ಸುಮ್ಮನೆ ಪಕ್ಕದ ಮನೆಯವಳು ಎಂದೆ. ಈಗ ಅವಳ ಸುದ್ದಿ ಹೇಳದೆ ನನ್ನ ಸುದ್ದಿ ಹೇಳಲಿಕ್ಕೆ ಆಗುವುದಿಲ್ಲ.

ಇಥಿಯೋಪಿಯಾ ಎಂದು ಆಫ್ರಿಕಾದ ಒಂದು ದೇಶ. ಅಲ್ಲಿ ನಮ್ಮ ಗಾರ್ಮೆಂಟ್ಸಿನವರದ್ದೇ ಒಂದು ಫ್ಯಾಕ್ಟರಿ ಇತ್ತು. ಅಲ್ಲಿಂದ ಒಂದಷ್ಟು ಹುಡುಗಿಯರನ್ನು ಸೂಪರ್‌ವೈಸರ್ ಕೆಲಸ ಕಲಿಯಲಿಕ್ಕೆಂದು ಬೊಮ್ಮನಹಳ್ಳಿಗೆ ಕರೆಸಿದ್ದರು. ಉಳಿದವರು ಫ್ಯಾಕ್ಟರಿ ಹತ್ತಿರದ ಹಾಸ್ಟೆಲಿನಲ್ಲಿ ಉಳಿದರು. ಈಕೆಗೆ ಸ್ವಂತ ಒಲೆ ಬೇಕೆಂದು ಹಟ, ಅದಕ್ಕೆ ನಮ್ಮ ವಠಾರದಲ್ಲಿ ನನ್ನ ಪಕ್ಕದ ಕೋಣೆ ಹಿಡಿದಳು. ಮನೆ ಓನರ್ ಸುಬ್ಬಲಕ್ಷ್ಮಮ್ಮನವರು ಬಾಗಿಲಲ್ಲೇ ನಿಲ್ಲಿಸಿ, ‘ನೋಡಮ್ಮ, ಮಾಂಸ ಗೀಂಸ ಎಲ್ಲ ಬೇಯಿಸೋ ಹಾಗಿಲ್ಲ’ ಎಂದರು. ಮೆಸೆರೆತ್ ಕಡೆಯ ಕ್ರಿಶ್ಚಿಯನ್ನರಿಗೆ ಅದು ದೊಡ್ಡ ಉಪವಾಸದ ಕಾಲವಂತೆ. ಮಾಂಸ ಇರಲಿ, ಹಾಲು, ಮೊಸರು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ ಎಂದು ಕೈಸನ್ನೆ ಬಾಯಿಸನ್ನೆ ಮಾಡಿ ತಿಳಿಸಿದಳು. ಉಪವಾಸ ಮುಗಿದ ಮೇಲೂ ಬುಧವಾರ ಶುಕ್ರವಾರ ಹೀಗೇ ಅಂತೆ. ಸುಬ್ಬಲಕ್ಷ್ಮಮ್ಮ ನನ್ನ ಕಡೆ ತಿರುಗಿ, ‘ಏನ್ರೀ ನೀಲಾಂಬಿಕಾ, ನಮಗಿಂತ ಮಡಿ ಜಾಸ್ತಿ ಇದೆಯಲ್ರೀ ಇವಳದ್ದು!’ ಎಂದು ಕೀಲಿ ಕೊಟ್ಟರು.

ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎದುರು ಕೋಣೆಯ ಹೊಳೆವ್ವ ಅವಳನ್ನು ಮೊಸರವ್ವ ಎಂದೇ ಕರೆದಳು. ‘ಮೊಸರು ತಿನ್ನಂಗಿಲ್ಲ, ಹೆಸರು ನೋಡಿದ್ರ ಮೊಸರವ್ವ’ ಎಂದು ತಾನೇ ನಗುವುದು. ಹೊಳೆವ್ವನ ಬಾಯಿ ನಿನಗೆ ಗೊತ್ತಲ್ಲ.

ಪಾಪ, ಮೊದಲ ದಿನಗಳು ಅವಳಿಗೆ ಬಹಳ ಕಷ್ಟವಾದವು. ಚಂದಾಪುರದ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಂತರೆ ಜನ ಸುತ್ತ ನಿಂತು ನೋಡುತ್ತಿದ್ದರು. ಯಾರೋ ಕೇಳದೆ ಫೋಟೋ ಹಿಡಿಯುವುದು, ಯಾರೋ ಅವಳ ಜಡೆ ಮುಟ್ಟಿ ನೋಡುವುದು. ಆಟೋದವರು ಬಾಯಿಗೆ ಬಂದ ರೇಟು ಹೇಳುವುದು. ಕಂಡಕ್ಟರ್ ಹಿಂದಿಯಲ್ಲಿ ಕೂಗಿದರೆ ಇವಳು ಬೆಪ್ಪಾಗಿ ನಿಲ್ಲುವುದು. ಫ್ಯಾಕ್ಟರಿಗೆ ನನ್ನ ಜೊತೆಯಲ್ಲೇ ಬರತೊಡಗಿದಳು. ಅವಳು ಮೊದಲು ಕಲಿತ ಕನ್ನಡ ಯಾವುದು ಗೊತ್ತೇ? ಹೊಲಿಗೆಯ ಲೈನಿನಲ್ಲಿ ಸೂಪರ್‌ವೈಸರ್‌ಗಳು ಬೈಯುವ ಕನ್ನಡ. ಒಂದು ಸಂಜೆ ಬಟ್ಟಲು ಹಿಡಿದು ಬಂದು ಬಾಗಿಲಲ್ಲಿ ನಿಂತು, ‘ಏ ಅಮ್ಮಾ, ಉಪ್ಪು ಬೇಗ ಬೇಗ ಕೊಡ್ರಿ, ಟಾರ್ಗೆಟ್ ಆಗಿಲ್ಲ’ ಎಂದಳು. ಅದೇ ವಿನಯದ ಮಾತು ಎಂದು ಅವಳು ತಿಳಿದಿದ್ದಳು! ನಿನ್ನ ಅಪ್ಪ ಹೋದ ಮೇಲೆ ನಾನು ಅಷ್ಟು ನಕ್ಕಿದ್ದು ಅವತ್ತೇ ಇರಬೇಕು.

ಅವಳ ದೇಶದಲ್ಲಿ ಕಾಫಿಯನ್ನು ಒಬ್ಬರೇ ಕುಡಿಯುವುದಿಲ್ಲವಂತೆ. ಹಸಿ ಬೀಜವನ್ನು ಮನೆಯಲ್ಲೇ ಹುರಿದು, ಕುಟ್ಟಿ, ಧೂಪ ಹಾಕಿ, ನೆರೆಹೊರೆಯವರನ್ನು ಕೂರಿಸಿ ಮೂರು ಸುತ್ತು ಕೊಡಬೇಕು. ಮೂರನೆಯದು ಆಶೀರ್ವಾದದ ಸುತ್ತು, ಅದನ್ನು ಬಿಟ್ಟು ಎದ್ದು ಹೋಗಬಾರದು. ಬಂದ ಹೊಸದರಲ್ಲಿ ಒಂದು ಭಾನುವಾರ ಹೀಗೆ ಬೀಜ ಹುರಿದು, ಬಾಗಿಲು ತೆರೆದು, ಪುಟ್ಟ ಪುಟ್ಟ ಬಟ್ಟಲು ಜೋಡಿಸಿಕೊಂಡು ಕೂತಳು. ಹೊಗೆ ನೋಡಿ ಸುಬ್ಬಲಕ್ಷ್ಮಮ್ಮ ‘ಬೆಂಕಿ ಬಿತ್ತೇನ್ರೋ’ ಎಂದು ಓಡಿ ಬಂದು ಬೈದು ಹೋದರು. ಬೇರೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ, ನೀರು ಹಿಡಿಯುತ್ತಾ ನೋಡುತ್ತಿದ್ದೆ. ಕಾಫಿ ಆರಿತು, ಆಕೆ ಇನ್ನೂ ಕೂತೇ ಇದ್ದಳು. ಆಮೇಲೆ ನನಗೆ ತಡೆಯಲಿಲ್ಲ, ಕೊಡ ಅಲ್ಲೇ ಬಿಟ್ಟು ಹೋಗಿ ಕೂತೆ. ಎಷ್ಟು ಕಹಿ ಅಂತೀಯಾ! ಆದರೂ ಮೂರೂ ಸುತ್ತು ಕುಡಿದೆ. ಅಂದಿನಿಂದ ಭಾನುವಾರದ ಕಾಫಿ ನಮ್ಮಿಬ್ಬರದೂ ಆಯಿತು, ಆಮೇಲೆ ಹೊಳೆವ್ವನೂ ಸೇರಿದಳು. ರಾಗಿ ಹಿಟ್ಟು ಹುಳಿ ಬರಿಸಿ ಅವರ ಕಡೆಯ ರೊಟ್ಟಿ ನಮ್ಮ ದೋಸೆ ಕಾವಲಿಯ ಮೇಲೆ ಹುಯ್ಯಲು ಕಲಿತಳು. ಹೊಳೆವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, ‘ಹಿಟ್ಟು ಹಳಸೇತಿ ಬೇ, ಚೆಲ್ಲಿಬಿಡು’ ಎಂದಳು. ಚೆಲ್ಲದೆ ಪೂರ್ತಿ ತಿಂದಳು.

ಬೆಳಿಗ್ಗೆ ನಾನು ಲಿಂಗಪೂಜೆಗೆ ಕೂತರೆ ಹೊಸ್ತಿಲಾಚೆ ಬಂದು ಸುಮ್ಮನೆ ಕೂರುತ್ತಿದ್ದಳು. ಅವಳ ಕೊರಳಲ್ಲೂ ಒಂದು ಕರಿದಾರ ಇತ್ತು, ಕೂಸಾಗಿದ್ದಾಗ ದೇವರ ಹೆಸರಲ್ಲಿ ಕಟ್ಟಿದ್ದಂತೆ. ನನ್ನ ಶಿವದಾರ ತೋರಿಸಿ ‘ಸೇಮ್, ಸೇಮ್’ ಎನ್ನುತ್ತಿದ್ದಳು. ಯಾವ ದೇವರಾದರೇನು, ಸ್ನಾನ ಮಾಡದೆ ಬಾಯಿಗೆ ನೀರು ಹಾಕದ ಹುಡುಗಿ, ನನಗೆ ಅಷ್ಟು ಸಾಕಾಯಿತು.

ಹೋದ ವರ್ಷ ಮಳೆಗಾಲದಲ್ಲಿ ಅವಳ ತಾಯಿ ತೀರಿಕೊಂಡಳು. ನಾನು ಫ್ಯಾಕ್ಟರಿಯ ಕೂಸಿನ ಮನೆಯಲ್ಲಿ ಕೆಲಸದ ಹೆಂಗಸರ ಮಕ್ಕಳಿಗೆ ಗಂಜಿ ತಿನ್ನಿಸುತ್ತಿದ್ದೆ. ಮೆಸೆರೆತ್ ಲೈನು ಬಿಟ್ಟು ಒಳಗೆ ಬಂದು ತೊಟ್ಟಿಲುಗಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ‘ಯಾಕವ್ವಾ, ಏನಾತು’ ಎಂದರೆ ಫೋನು ತೋರಿಸಿದಳು. ಮಣ್ಣು ಮಾಡಿ ಮುಗಿದ ಮೇಲೆ ತಿಳಿಸಿದ್ದರು. ಅವರಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲವಂತೆ. ಊರಿನ ಜನ ನಸುಕಿನಲ್ಲಿ ಒಟ್ಟಾಗಿ ಬಾಗಿಲಿಗೆ ಬಂದು ಕೂತು ಹೇಳುತ್ತಾರಂತೆ. ‘ಇಲ್ಲಿ ನನ್ನ ಬಾಗಿಲು ಯಾರು ಬರ್ತಾರೆ ಅಮ್ಮಾ’ ಎಂದಳು. ಮರುದಿನ ಬೆಳಕು ಹರಿಯುವ ಮೊದಲು ನಾನೂ ಹೊಳೆವ್ವನೂ ಅವಳ ಬಾಗಿಲಿಗೆ ಹೋಗಿ ಕೂತೆವು. ನಮಗೆ ಅವರ ಅಳುವ ಹಾಡು ಗೊತ್ತಿಲ್ಲ. ಸುಮ್ಮನೆ ಕೂತಿದ್ದೆವು. ಅವಳು ಬಾಗಿಲು ತೆಗೆದು ನಮ್ಮನ್ನು ನೋಡಿ ಆಗ ಅತ್ತಳು.

ಇರಲಿ, ಈಗ ಹೋದ ತಿಂಗಳ ಮಾತಿಗೆ ಬರುತ್ತೇನೆ. ಅವಳ ದೇಶದ ಫ್ಯಾಕ್ಟರಿಯನ್ನೇ ಮುಚ್ಚಿದರಂತೆ. ಇನ್ನು ಇಲ್ಲಿ ಕಲಿತು ಅಲ್ಲಿ ಮಾಡುವುದೇನು ಎಂದು ಎಲ್ಲ ಹುಡುಗಿಯರಿಗೂ ಟಿಕೆಟ್ ಕೊಟ್ಟುಬಿಟ್ಟರು. ಅವಳಿಗೆ ಅಲ್ಲಿ ತಾಯಿಯೂ ಇಲ್ಲ, ಕೆಲಸವೂ ಇಲ್ಲ. ಈ ಊರು ಒಗ್ಗಿತ್ತು. ಬಸ್ಸಿನಲ್ಲಿ ‘ಸ್ವಲ್ಪ ಒಳಗೆ ಹೋಗ್ರಿ, ಜಾಗ ಐತಿ’ ಎಂದು ಗದರುವಷ್ಟು ಆಗಿದ್ದಳು.

ಹೊರಡುವ ದಿನ ಹೊಳೆವ್ವ ಅವಳಿಗೆ ಉಡಿ ತುಂಬುತ್ತೇನೆ ಎಂದಳು. ಹೊಳೆವ್ವನ ತಂಗಿಯ ಮಗಳಿಗೆ ತುಂಬಿದ್ದನ್ನು ಮೆಸೆರೆತ್ ನೋಡಿದ್ದಳು, ಮನೆಮಗಳು ಹೊರಟರೆ ಮಡಿಲು ಖಾಲಿ ಕಳಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ನಾನೇ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಉತ್ತತ್ತಿ, ಒಂದು ಖಣ ಎಲ್ಲ ಮೊರದಲ್ಲಿ ಜೋಡಿಸಿಕೊಟ್ಟು ಹಿಂದೆ ಸರಿದು ನಿಂತೆ. ಸುಬ್ಬಲಕ್ಷ್ಮಮ್ಮನವರೂ ಕುಂಕುಮದ ಬಟ್ಟಲು ಹಿಡಿದು ಬಂದರು. ಮೆಸೆರೆತ್ ಬಿಳಿ ಶಾಲು ಹೊದ್ದು ಮಣೆಯ ಮೇಲೆ ಕೂತವಳು ಹೊಳೆವ್ವನ ಕೈ ಹಿಡಿದು ನಿಲ್ಲಿಸಿ, ‘ನೀನು ಬೇಡ. ಅಮ್ಮ’ ಎಂದಳು.

‘ಅಕ್ಕ ತುಂಬಂಗಿಲ್ಲವ್ವಾ, ಅಕೀಗೆ ಗಂಡ ಇಲ್ಲ’ ಎಂದಳು ಹೊಳೆವ್ವ.

‘ಗಂಡ ಉಡಿಗೆ ಯಾಕೆ?’

‘ಯಾಕಂದ್ರ ಏನ್ ಹೇಳ್ಲೇ ಯವ್ವಾ... ಮುತ್ತೈದೇರು ತುಂಬಿದ್ರ ಒಳ್ಳೇದಾಗತೈತಿ.’

‘ನನ್ನ ಅಮ್ಮನಿಗೂ ಗಂಡ ಇಲ್ಲ. ತಲೆ ಮೇಲೆ ಕೈ ಇಟ್ಟು ಕಳಿಸಿದಳು. ಅದು ಕೆಟ್ಟದಾ?’

ಹೊಳೆವ್ವ ಮೊರ ಕೆಳಗಿಟ್ಟಳು. ಸುಬ್ಬಲಕ್ಷ್ಮಮ್ಮ, ‘ನೀಲಾಂಬಿಕಾ, ಬೇಡ ಕಣ್ರೀ. ಅದೇನೋ ತಿಳೀದ ಹುಡುಗಿ. ಸಮುದ್ರ ದಾಟಿ ಹೋಗೋಳು. ನಾಳೆ ಏನಾದ್ರೂ ಆದ್ರೆ ನಿಮ್ಮ ತಲೆಗೇ ಬರತ್ತೆ’ ಎಂದರು. ಅವರದ್ದು ಕೆಟ್ಟ ಮನಸ್ಸಲ್ಲ. ಹೆದರಿಕೆಯಿಂದ ಹೇಳಿದರು. ನನಗೂ ಅದೇ ಹೆದರಿಕೆ. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ ಎಂದು ಮಠದಲ್ಲಿ ಎಷ್ಟು ಸಲ ಕೇಳಿದ್ದೇನೆ, ಆದರೂ ಕೈ ಮುಂದೆ ಹೋಗಲಿಲ್ಲ. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹಾಕುತ್ತಿದ್ದ. ಅವಳು ಶಾಲಿನ ಸೆರಗು ಒಡ್ಡಿಕೊಂಡು ಕೂತೇ ಇದ್ದಳು. ಬೇರೆ ಯಾರು ತುಂಬಿದರೂ ಏಳುವವಳಲ್ಲ.

ತುಂಬಿದೆ ಮಗಳೇ. ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಸುಬ್ಬಲಕ್ಷ್ಮಮ್ಮ ಕುಂಕುಮದ ಬಟ್ಟಲು ಮುಚ್ಚಿಕೊಂಡು ಒಳಗೆ ಹೋದರು. ಹೊಳೆವ್ವ ಬಿದ್ದ ಅಕ್ಕಿ ಆರಿಸಿ ಮತ್ತೆ ಅವಳ ಮಡಿಲಿಗೆ ಹಾಕಿದಳು.

ಹೋದ ಮೇಲೆ ಅವಳ ಫೋನು ಹತ್ತುತ್ತಿಲ್ಲ. ಇಲ್ಲಿಯ ನಂಬರು ಅಲ್ಲಿ ನಡೆಯುವುದಿಲ್ಲ, ಹೊಸ ನಂಬರಿನಿಂದ ಮಾಡುತ್ತೇನೆ ಎಂದಿದ್ದಳು. ಆಫೀಸಿನಲ್ಲಿ ಕೇಳಿದರೆ ಹುಡುಗಿಯರು ಹೋಗಿ ಇಳಿದಿದ್ದಾರೆ ಎಂದರು, ಅಷ್ಟೇ ಗೊತ್ತು. ಸುಬ್ಬಲಕ್ಷ್ಮಮ್ಮ ದಿನಾ ‘ಫೋನ್ ಬಂತೇನ್ರೀ’ ಎಂದು ಕೇಳುತ್ತಾರೆ. ನಾನು ಇಲ್ಲ ಎಂದಾಗ ಮುಂದೆ ಏನೂ ಅನ್ನುವುದಿಲ್ಲ. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಪೂಜೆಗೆ ಕೂತಾಗ ಲಿಂಗಯ್ಯನ ಮುಂದೆ ಒಂದೇ ಮಾತು ಕೇಳುತ್ತೇನೆ, ನನ್ನ ಕೈಯಿಂದ ಆ ಹುಡುಗಿಗೆ ಕೆಡುಕು ತಟ್ಟದಿರಲಿ ಎಂದು. ಹಾಗೆ ಕೇಳುವುದೇ ತಪ್ಪು ಎಂದೂ ಗೊತ್ತಿದೆ. ಕೇಳದೆ ಇರಲಿಕ್ಕೆ ಆಗುತ್ತಿಲ್ಲ.

ನೀನು ಹಸಿಮೈಯವಳು, ತಣ್ಣೀರು ಮುಟ್ಟಬೇಡ. ತಲೆಗೆ ಬಟ್ಟೆ ಕಟ್ಟಿಕೋ. ಕೂಸಿಗೆ ನೂರು ವರ್ಷ ಆಯುಷ್ಯ ಬರಲಿ, ನಿನ್ನ ಮನೆ ತುಂಬಿರಲಿ. ಅತ್ತೆಯವರಿಗೆ ನನ್ನ ಶರಣು ತಿಳಿಸು.

ನಿನ್ನ ಅವ್ವ,
ನೀಲಾಂಬಿಕಾ

ತಾ.ಕ. — ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಬರೆಯಬೇಕಾದ್ದನ್ನೇ ಬರೆದಿಲ್ಲ.

ನೀನು ಬಸುರಿಯಿದ್ದಾಗ ನಿನ್ನ ಕುಬುಸದ ದಿನ ಹಸಿರು ಸೀರೆ, ಬಳೆ, ಬುತ್ತಿ ಎಲ್ಲ ಹೊತ್ತು ತಂದವಳು ನಾನು. ಉಡಿ ತುಂಬುವ ಹೊತ್ತಿಗೆ ನಿನ್ನ ಅತ್ತೆಯವರು, ‘ಬೀಗತಿ, ನೀವು ಅಡಿಗೆ ಮನ್ಯಾಗ ಸ್ವಲ್ಪ ನೋಡ್ಕೋರಿ’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಂಡದ್ದನ್ನು ಅವರು ಮಾಡಿದರು. ಒಳಗಿನಿಂದ ನಾನು ನಿನ್ನನ್ನೇ ನೋಡುತ್ತಿದ್ದೆ. ನೀನೂ ಒಂದು ಸಲ ನನ್ನ ಕಡೆ ನೋಡಿದೆ. ಆಮೇಲೆ ತಲೆ ತಗ್ಗಿಸಿ ಬಳೆ ಸರಿಮಾಡಿಕೊಂಡೆ. ‘ಅವ್ವ ಬರಲಿ’ ಎಂದು ನಿನ್ನ ಬಾಯಲ್ಲಿ ಬರಲಿಲ್ಲ.

ಅದು ಹೆದರಿಕೆಯೋ, ನಾಚಿಕೆಯೋ, ಇಲ್ಲ ನಿನಗೂ ಹಾಗೇ ಅನ್ನಿಸುತ್ತದೋ, ಇಷ್ಟು ತಿಂಗಳಾದರೂ ನನಗೆ ತಿಳಿದಿಲ್ಲ. ಫ್ಯಾಕ್ಟರಿಯಲ್ಲಿ ಯಾರ ಯಾರದೋ ಮಕ್ಕಳನ್ನು ಎತ್ತಿ ಆಡಿಸುತ್ತೇನೆ. ನನ್ನ ಮೊಮ್ಮಗುವನ್ನು ಇನ್ನೂ ಮುಟ್ಟಿಲ್ಲ.

ತೊಟ್ಟಿಲ ಕೆಳಗಿನಿಂದ ಕೂಸನ್ನು ದಾಟಿಸುವಾಗ ಆ ಕಡೆ ಒಬ್ಬರು ಕೈ ಚಾಚಿ ಕೂತಿರುತ್ತಾರಲ್ಲ, ಅಲ್ಲಿ ನಾನು ಕೂರಬಹುದೇ? ಬೇಡ ಎಂದಾದರೆ ಬೇಡ ಎಂದೇ ಬರೆ, ತಡೆದುಕೊಳ್ಳುತ್ತೇನೆ. ಆದರೆ ಯಾರನ್ನೂ ಕೇಳಿ ಬರೆಯಬೇಡ, ಶಿವಗಂಗಾ. ನೀನೇ ಬರೆ.