ಹನ್ನೆರಡು ಶಾಲುಗಳು

ಸೆಪ್ಟೆಂಬರ್ 24, ಬುಧವಾರ

ಮೆಟ್ರೊ ಲೇಟು, ಆಫೀಸಿಗೆ ಲೇಟು. ಸೆಕ್ಷನ್ ಆಫೀಸರ್ ಮುಖ ಊದಿಸಿಕೊಂಡಿದ್ದರು. ಊದಿಸಿಕೊಳ್ಳಲಿ. ಮನೆಗೆ ಬಂದರೆ ಮಗಳು ಪ್ರಕೃತಿ ಊಟದ ಟೇಬಲ್ ತುಂಬ ಚಾರ್ಟ್ ಪೇಪರ್ ಹರಡಿಕೊಂಡು ಕೂತಿದ್ದಾಳೆ. ತಟ್ಟೆ ಇಡಲು ಜಾಗವಿಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ಓದುತ್ತ ನಿಂತೆ. ನಲವತ್ತಾರು ಹೆಸರು. ಮಲಾವಿಯ ಅನಾಥಾಶ್ರಮವೊಂದರ ಮಕ್ಕಳು.

ನಮ್ಮ ಕನ್ನಡ ಬಳಗದಲ್ಲಿದ್ದ ನರ್ಸ್ ಶಾರದಾ ಈಗ ಅಲ್ಲಿ ಕೆಲಸಕ್ಕಿದ್ದಾಳೆ. ನವೆಂಬರ್‌ನಲ್ಲಿ ಅಲ್ಲಿ ಮಳೆ ಹಿಡಿಯುತ್ತದಂತೆ, ಹಿಂದೆಯೇ ಮಲೇರಿಯಾ. ಅಷ್ಟರೊಳಗೆ ಪ್ರತಿ ಮಗುವಿಗೂ ಒಂದು ಸೊಳ್ಳೆಪರದೆ ಬೇಕು. ಒಂದಕ್ಕೆ ನಮ್ಮ ದುಡ್ಡಿನಲ್ಲಿ ಐನೂರು. ಶಾರದಾ ವಾಯ್ಸ್ ಮೆಸೇಜ್ ಕಳಿಸಿದ್ದು ದೊಡ್ಡವರಿಗೆ. ನಾವು ಕೈಮುಗಿದ ಇಮೋಜಿ ಹಾಕಿ ಸುಮ್ಮನಾದೆವು. ಎದ್ದಿದ್ದು ಬಳಗದ ಮಕ್ಕಳು.

ಅವರ ಪ್ಲಾನ್ ಇದು: ದಸರಾ ಗೊಂಬೆ ನೋಡಲು ಹೋದ ಮನೆಯಲ್ಲಿ ತಿಂಡಿ ಪೊಟ್ಟಣ ಬೇಡ, ಡಬ್ಬಕ್ಕೆ ದುಡ್ಡು ಹಾಕಿ. ಒಬ್ಬೊಬ್ಬರು ಒಂದಿಷ್ಟು ಹೆಸರು ಹಂಚಿಕೊಂಡಿದ್ದಾರೆ. ಪ್ರಕೃತಿಯ ಪಟ್ಟಿಯಲ್ಲಿ ಮೊದಲು ತಿಯಾಮಿಕೆ. ಆರು ವರ್ಷದ ಹುಡುಗಿ, ಮುಂದಿನ ಹಲ್ಲು ಇಲ್ಲ. ಫೋಟೊ ಫ್ರಿಜ್ ಮೇಲೆ ಅಂಟಿದೆ.

ಸೆಪ್ಟೆಂಬರ್ 30, ಅಷ್ಟಮಿ

ದೆಹಲಿಯ ಈ ಪೀತಮ್‌ಪುರದಲ್ಲಿ ಕನ್ನಡದ ಮನೆಗಳು ಎಷ್ಟಿವೆ? ಗೊಂಬೆ ಕೂರಿಸಿದವರು ಐದು ಮನೆ. ಮಕ್ಕಳು ಬಿಡಬೇಕಲ್ಲ... ಪಂಜಾಬಿಗಳ ಬಾಗಿಲನ್ನೂ ತಟ್ಟಿದ್ದಾರೆ. "ಗೊಂಬೆ ಕೂರಿಸಿದ್ದೀರಾ?" ಎಂದು ಕನ್ನಡದಲ್ಲೇ ಕೇಳಿ, ಆಮೇಲೆ ಹಿಂದಿಯಲ್ಲಿ ವಿವರಣೆ.

ಇವತ್ತು ಕಂಜಕ್, ಇಲ್ಲಿಯವರ ಕನ್ಯಾಪೂಜೆ. ಎದುರು ಮನೆಯವರಿಂದ ಹಿಡಿದು ಹನ್ನೊಂದು ಮನೆಯವರು ಪ್ರಕೃತಿಯನ್ನು ಕರೆದು, ಕಾಲು ತೊಳೆದು, ಹಲ್ವಾ ಪೂರಿ ಕೊಟ್ಟು, ಕೈಯಲ್ಲಿ ನೋಟಿಟ್ಟರು. ಅವಳಿಗೆ ಹತ್ತು ವರ್ಷ ಆಯಿತು, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ. ಹೋದ ವರ್ಷ ಆ ದುಡ್ಡಿಗೆ ಸ್ಕೇಟಿಂಗ್ ಶೂ ತೆಗೆದುಕೊಂಡಿದ್ದಳು. ಈ ಸಲ ಅಷ್ಟನ್ನೂ ಡಬ್ಬಕ್ಕೆ ಹಾಕಿದಳು. ಒಂದು ಐಸ್‌ಕ್ರೀಮಿಗಾದರೂ ಇಟ್ಟುಕೊಳ್ಳೇ ಎಂದೆ.

"ವೋ ತಿಯಾಮಿಕೆ ಕಾ ಹೈ ಅಮ್ಮಾ. ನಂದಲ್ಲ."

ಅಕ್ಟೋಬರ್ 12, ಭಾನುವಾರ

ಇಪ್ಪತ್ತಮೂರು ಸಾವಿರದ ನಾನೂರು. ನಲವತ್ತಾರು ಪರದೆಗೂ ಆಗಿ ನಾನೂರು ಮಿಕ್ಕಿದೆ. ವಾರದಿಂದ ಡಬ್ಬ ನನ್ನ ಬೀರುವಿನಲ್ಲಿತ್ತು. ಇವತ್ತು ಬಳಗದ ಕಮಿಟಿ ಮೀಟಿಂಗ್. ಕಾರ್ಯದರ್ಶಿ ಚಂದ್ರಮೋಹನ ಗಂಟಲು ಸರಿಮಾಡಿಕೊಂಡರು.

"ಹರಿಣಿ ಮೇಡಂ, ಮಕ್ಕಳ ದುಡ್ಡು ಹಾಗೆ ಸುಮ್ನೆ ಕಳಿಸೋಕಾಗುತ್ತಾ? ರಾಜ್ಯೋತ್ಸವದ ಸ್ಟೇಜ್ ಮೇಲೆ ಕೊಡೋಣ. ಚಾಣಕ್ಯಪುರಿಯಿಂದ ದೊಡ್ಡ ಅಧಿಕಾರಿ ಬರ್ತಾರೆ. ತಾಯಂದಿರ ಪರವಾಗಿ ನಿಮಗೂ ಒಂದು ಸನ್ಮಾನ."

ಡಬ್ಬ ಕೊಟ್ಟು ಬಂದೆ. ಪ್ರಕೃತಿ ಕೇಳಿದ್ದು ಒಂದೇ ಮಾತು. "ಶಾರದಾ ಆಂಟಿ ಅಕೌಂಟ್‌ಗೆ ಡೈರೆಕ್ಟ್ ಭೇಜ್ ದೋ ನಾ?" ದೊಡ್ಡವರಿಗೆ ಗೊತ್ತಿರುತ್ತೆ, ನೀನು ಹೋಂವರ್ಕ್ ಮಾಡು ಎಂದೆ.

ನವೆಂಬರ್ 3, ಸೋಮವಾರ. ಲಂಚ್ ಅವರ್

ಇಲ್ಲಿ ಹೊಗೆ, ಎದುರಿನ ಕಟ್ಟಡ ಕಾಣುತ್ತಿಲ್ಲ. ಅಲ್ಲಿ ಮಳೆ ಶುರುವಾಗಿದೆ. ಶಾರದಾಳ ಮೆಸೇಜು: ಪರದೆ ಅಂಗಡಿಯವನು ಕಾಯುತ್ತಿದ್ದಾನೆ, ದುಡ್ಡು ಯಾವಾಗ? ಚಂದ್ರಮೋಹನರಿಗೆ ಫೋನ್ ಮಾಡಿದೆ. "ಇನ್ನಾರೇ ದಿನ ಮೇಡಂ. ಮಳೆ ಏನು ಓಡಿಹೋಗುತ್ತಾ?" ಎಂದರು. ಕಪಾಳಕ್ಕೆ ಬಿಡುವ ಹಾಗಾಯಿತು. ಅಚ್ಛಾ ಎಂದು ಇಟ್ಟುಬಿಟ್ಟೆ. ಯಾಕೆ ಅಚ್ಛಾ ಎಂದೆ?

ನವೆಂಬರ್ 9, ಭಾನುವಾರ

ರಾಜ್ಯೋತ್ಸವಕ್ಕೆ ಅತಿಥಿ ಎರಡು ಗಂಟೆ ತಡ. ಹೊಗೆಗೆ ಮಾಸ್ಕ್ ಹಾಕಿಕೊಂಡ ಮಕ್ಕಳು ನಿಂತೇ ಇದ್ದರು. ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ಕು. ಅದನ್ನು ಹಿಡಿದ ಮಕ್ಕಳ ಮುಖ ಫೋಟೊದಲ್ಲಿ ಬಂದೇ ಇಲ್ಲ, ಬರೀ ಕಾಲು.

ನನಗೂ ಶಾಲು. ಮರೂನ್, ಜರಿ ಅಂಚು. ಸುಳ್ಳು ಏಕೆ ಬರೆಯಲಿ, ಖುಷಿಯಾಯಿತು. ಹದಿನೆಂಟು ವರ್ಷದ ಗುಮಾಸ್ತೆ ನೌಕರಿಯಲ್ಲಿ ಯಾರೂ ನನ್ನನ್ನು ವೇದಿಕೆಗೆ ಕರೆದಿರಲಿಲ್ಲ. ಶಾಲು ಹೊದ್ದ ಫೋಟೊ ಹಾಕಿ ಡಿಪಿ ಬದಲಾಯಿಸಿದೆ.

ನವೆಂಬರ್ 15, ಶನಿವಾರ

 

ಬಳಗದ ಗ್ರೂಪಿನಲ್ಲಿ ಖರ್ಚಿನ ಪಟ್ಟಿ ಬಂತು. ಎಲ್ಲರಿಗಿಂತ ಮೊದಲು ಓದಿದ್ದು ಪ್ರಕೃತಿ, ನನ್ನ ಫೋನಿನಲ್ಲಿ. ಶಾಲು ಹನ್ನೆರಡು. ಪೇಟ. ಹಣ್ಣು. ಮೈಕಿನವನಿಗೆ. ರಟ್ಟಿನ ಚೆಕ್ಕಿಗೇ ಸಾವಿರದ ಎಂಟುನೂರು. ಎಲ್ಲ ಮಕ್ಕಳ ಡಬ್ಬದಿಂದ. ಶಾರದಾಳಿಗೆ ಹೋಗಿದ್ದು ಐದು ಸಾವಿರದ ಐನೂರು. ಹನ್ನೊಂದು ಪರದೆ.

ಚಂದ್ರಮೋಹನರಿಗೆ ಫೋನ್ ಹಚ್ಚಿದೆ.

"ಸ್ಪಾನ್ಸರ್ ಕೈಕೊಟ್ಟ ಮೇಡಂ. ಅತಿಥಿಗೆ ಶಾಲು ಹೊದಿಸದೆ ಕಳಿಸೋಕಾಗುತ್ತಾ? ಮರ್ಯಾದೆ ಪ್ರಶ್ನೆ. ಉಳಿದಿದ್ದು ಮುಂದಿನ ವರ್ಷ ಕೊಟ್ರಾಯ್ತು."

"ಮುಂದಿನ ವರ್ಷ ಆ ಮಕ್ಕಳು ಇರ್ತಾರಾ?"

"ಅಯ್ಯೋ, ಅಷ್ಟೊಂದು ಎಮೋಷನಲ್ ಆಗ್ಬೇಡಿ. ನೀವೂ ಹೊದ್ಕೊಂಡ್ರಲ್ಲ, ನಗ್ತಾ ನಗ್ತಾ."

ಫೋನ್ ಇಟ್ಟೆ. ಸಿಟ್ಟು ಬಂದಾಗ ಮಾತು ಹುಟ್ಟದ ಈ ಬಾಯಿಗೆ ಬೆಂಕಿ ಬೀಳಲಿ. ಕೋಪ ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಡಬ್ಬ ಕೈಯಾರೆ ಕೊಟ್ಟವಳು ನಾನೇ.

ಸಂಜೆ ಶಾರದಾ ಬರೆದಳು. ಏಳು ಮಕ್ಕಳಿಗೆ ಜ್ವರ. ತಿಯಾಮಿಕೆ ಆಸ್ಪತ್ರೆಯಲ್ಲಿ. ಹನ್ನೊಂದು ಪರದೆಗಳನ್ನು ತೀರ ಚಿಕ್ಕವರಿಗೆ ಕಟ್ಟಿದರಂತೆ. ಇವಳಿಗೆ ಆರು ವರ್ಷ, ಸಾಲಿನಲ್ಲಿ ಇವಳ ಸರದಿ ಬರಲಿಲ್ಲ. ನನ್ನ ಖಾತೆಯಲ್ಲಿದ್ದ ಎಂಟು ಸಾವಿರ ಕಳಿಸಿದೆ. ತಿಂಗಳ ನಡುವೆ ಅಷ್ಟೇ ಇದ್ದದ್ದು. ಕಳಿಸಿದೆ ಎಂದು ಪ್ರಕೃತಿಗೆ ಹೇಳಿದೆ.

"ಅದು ನಿಮ್ಮ ದುಡ್ಡು. ನಮ್ದು ಎಲ್ಲಿ?"

ನವೆಂಬರ್ 16, ಭಾನುವಾರ. ಬೆಳಿಗ್ಗೆ 9

ಪ್ರಕೃತಿ ಮಾತಾಡುತ್ತಿಲ್ಲ. ತಿಂಡಿ ಮುಟ್ಟಲಿಲ್ಲ. ಹಾಲ್‌ನ ಗೋಡೆಯ ಮೇಲೆ ಆ ಚಾರ್ಟ್ ಮತ್ತೆ ಬಂದಿದೆ. ನಲವತ್ತಾರು ಹೆಸರು. ಹನ್ನೊಂದರ ಮುಂದೆ ಟಿಕ್. ಉಳಿದವುಗಳ ಮುಂದೆ, ರಜೆಯಲ್ಲಿ ನಾನೇ ಕಲಿಸಿದ ಸೊಟ್ಟ ಕನ್ನಡದಲ್ಲಿ, ಆ ಮಗುವಿನ ಪರದೆ ಏನಾಯಿತು ಎಂದು ಬರೆದಿದ್ದಾಳೆ. ಪೇಟ. ಹಣ್ಣು. ಮೈಕ್. ಸುಳ್ಳು ಚೆಕ್.

ತಿಯಾಮಿಕೆಯ ಮುಂದೆ: ಅಮ್ಮನ ಶಾಲು.

 ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ.

11 ಗಂಟೆ

ಶಾಲು ಮಡಿಸಿ ಕವರಿಗೆ ಹಾಕಿದೆ. ಡಿಪಿ ತೆಗೆದೆ. ಶಾಲು ಹೊದ್ದವರ ಹೆಸರನ್ನೆಲ್ಲ ಬರೆದುಕೊಂಡೆ. ಮುಖ್ಯ ಅತಿಥಿ, ನಾನು, ಉಳಿದ ಹತ್ತೂ ಕಮಿಟಿಯವರೇ. ಒಬ್ಬರಿಗೊಬ್ಬರು ಹೊದಿಸಿಕೊಂಡಿದ್ದಾರೆ. ಕಮಿಟಿಯವರೆಲ್ಲ ಇಲ್ಲೇ ಸುತ್ತಮುತ್ತ, ನಡೆದೇ ಹೋಗಬಹುದು. ಒಂದೊಂದು ಬಾಗಿಲೂ ತಟ್ಟುತ್ತೇನೆ. ಮರ್ಯಾದೆ ಪ್ರಶ್ನೆಯಂತೆ. ಇವತ್ತು ಯಾರ ಮರ್ಯಾದೆ ಎಷ್ಟಿದೆ ಎಂದು ಗೊತ್ತಾಗಲಿ.

 ಪ್ರಕೃತಿ ಇನ್ನೊಂದು ಖಾಲಿ ಡಬ್ಬ ತಂದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಳು. ಮೊದಲು ಚಂದ್ರಮೋಹನ ಅಂಕಲ್ ಮನೆ ಎಂದೆ. ಅಲ್ಲಿ ಏನೆಂದು ಕೇಳೋಣ, ನೀನೇ ಹೇಳು ಎಂದೆ.

ನಿನ್ನೆಯಿಂದ ಮೊದಲ ಸಲ ಬಾಯಿ ಬಿಟ್ಟಳು.

"ಸೇಮ್ ಅಮ್ಮಾ. ಗೊಂಬೆಗೆ ಕೇಳಿದ ಹಾಗೇನೇ. ರೀ, ತಿಯಾಮಿಕೆ ಸೊಳ್ಳೆಪರದೆ ಹೊದ್ಕೊಂಡಿದ್ದೀರಾ?"

ಲಿಫ್ಟ್ ಬಂತಂತೆ, ಕರೆಯುತ್ತಿದ್ದಾಳೆ. ಈ ಸಲ ಡಬ್ಬ ಅವಳ ಕೈಯಲ್ಲೇ ಇರಲಿ, ನಾನು ಬರೀ ಬಾಗಿಲು—