ಏಳು ವಾರ ಮೊದಲೇ ಹಾಕಿದ ಸಹಿ

ಪ್ಲೊವ್ದಿವ್, ಮೇ 21, ಮಂಗಳವಾರ

...“ನೀವು ಒಳ್ಳೇದಕ್ಕೇ ಮಾಡಿದ್ರಿ, ಪ್ರೊಫೆಸರೇ” ಅಂದಳು ನನ್ನ ವಿದ್ಯಾರ್ಥಿನಿ ಝೋರ್ನಿತ್ಸಾ, ಸಂಜೆ ಸುದ್ದಿ ತಿಳಿಸಿದಾಗ. ಆಮೇಲೆ ಇನ್ನೇನೋ ಅಂದಳು, ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ನಮ್ಮಲ್ಲಿ ಪಿಎಚ್.ಡಿ. ಪ್ರಬಂಧ ಮುಗಿಸಿದವರ ಹೆಸರನ್ನು ವಿದ್ಯಾರ್ಥಿಗಳ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಅದೇ ಗೌರವ. ಅವಳ ಅವಧಿ ಜೂನ್ ಕೊನೆಯವರೆಗಿತ್ತು. ಈ ಶುಕ್ರವಾರ ನಮ್ಮ ಲಿಪಿಯ ಗೌರವಕ್ಕೆ ನಡೆಯುವ ಅಕ್ಷರ ಹಬ್ಬದಲ್ಲಿ, ಪ್ರಬಂಧ ಮುಗಿಸಿದವರ ಸಾಲಿನಲ್ಲಿ ಅವಳ ಹೆಸರು ಓದಿಸಬೇಕೆಂಬ ಆಸೆಯಿಂದ, ಪ್ರಬಂಧ ಮುಗಿದಿದೆಯೆಂದು ಏಳು ವಾರ ಮೊದಲೇ ಸಹಿ ಹಾಕಿದೆ. ಪದ್ಧತಿಯಂತೆ ಅವಳು ವಿಭಾಗಕ್ಕೆಲ್ಲ ಚಾಕೊಲೇಟ್ ಹಂಚಿದಳು.

ಇವತ್ತು ಕಚೇರಿಯ ಸ್ತೋಯಾಂಕಾ ಇಟಲಿಯ ಬೊಲೋನ್ಯಾದಿಂದ ಬಂದ ಪತ್ರ ತಂದಿಟ್ಟರು. ಹಾಳಾದ ಹಳೆಯ ಹಸ್ತಪ್ರತಿಗಳನ್ನು ದುರಸ್ತಿ ಮಾಡುವ ತರಬೇತಿಗೆ ಝೋರ್ನಿತ್ಸಾ ಆಯ್ಕೆಯಾಗಿದ್ದಾಳೆ. ಆದರೆ ಜೂನ್ ಒಂದರಂದು ಅವಳ ಹೆಸರು ವಿದ್ಯಾರ್ಥಿಗಳ ಪಟ್ಟಿಯಲ್ಲಿರಬೇಕು.

“ಅವಳೀಗ ವಿದ್ಯಾರ್ಥಿನಿಯೇ ಅಲ್ವಲ್ಲ” ಅಂದರು ಸ್ತೋಯಾಂಕಾ.

“ವಾಪಸ್ ಸೇರಿಸಿ.”

“ಹೆರಿಗೆ ಆದ್ಮೇಲೆ ಮಗೂನ ವಾಪಸ್ ಒಳಗೆ ಹಾಕ್ತಾರಾ, ಪ್ರೊಫೆಸರೇ? ಚಾಕೊಲೇಟ್ ನೀವೂ ಎರಡೆರಡು ತಿಂದ್ರಿ.”

ಡೀನ್‌ಗೆ, ಸಚಿವಾಲಯಕ್ಕೆ, ಬೊಲೋನ್ಯಾಗೆ ಫೋನ್ ಮಾಡಿ ಬೇಡಿಕೊಂಡೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಎಲ್ಲರೂ ಮರ್ಯಾದೆಯಿಂದಲೇ ಇಲ್ಲವೆಂದರು. ಆ ತರಬೇತಿ ಇಲ್ಲದವರನ್ನು ಇಲ್ಲಿನ ಗ್ರಂಥಾಲಯದವರು ಹಸ್ತಪ್ರತಿ ದುರಸ್ತಿಯ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಬೇರೆ ಕಡೆ ಅಂಥ ಕೆಲಸವೇ ಇಲ್ಲ. ನಾಲ್ಕು ವರ್ಷ ಅವಳು ಹಳೆಯ ಚರ್ಮದ ಹಾಳೆಗಳ ಮೇಲೆ ಬಗ್ಗಿ ಕೂತದ್ದು ಇದಕ್ಕಾಗಿಯೇ.

ಬೊಲೋನ್ಯಾದ ಅರ್ಜಿ ತುಂಬಿದವಳು ಅವಳೇ. ನಿಯಮವನ್ನು ಓದಿರಲೇಬೇಕು. ಸಹಿ ಹಾಕುವಾಗ ನಾನೆಷ್ಟು ಹಿಗ್ಗಿದ್ದೆ ಎಂಬುದನ್ನೂ ನೋಡಿದ್ದಳು.

ಝೋರ್ನಿತ್ಸಾ, ಚಾಕೊಲೇಟ್ ಡಬ್ಬಿಯನ್ನು ನನ್ನ ಮುಂದೆ ಹಿಡಿದಾಗಲೇ ನಿನಗೆ ಗೊತ್ತಿತ್ತೇ?